ಮೂರನೇ ಕಲಂ

ಗದಗ ಕೋರ್ಟಿನ ಕಂಪೌಂಡಿಗೆ ಹತ್ತಿ
ಬೇವಿನ ಗಿಡದ ಬುಡಕ ನನ್ನ ಟೈಪಿಂಗ್ ಅಂಗಡಿ.
ಒಂದು ಕಂಪ್ಯೂಟರು. ಕರೆಂಟು ಹೋದರ ಇರಲಿ ಅಂತ
ಅಪ್ಪನ ಹಳೇ ಮಷೀನೂ ಐತಿ.
ಅದರಾಗ 'ಕ್ಷ' ಹೊಡೆದರ
ಹಾಳಿಗೆ ತೂತು ಬೀಳತೈತಿ.

ಫಕ್ಕೀರವ್ವ ಮಡಿವಾಳರ ಗಂಟು ಹೊತ್ತು ಬಂದ್ಲು.
ಅರಿವಿ ಅಂದ್ಕೊಂಡೆ. ಬಿಚ್ಚಿದರ
ಏಳು ಬಾಟ್ಲಿ, ಏಳು ಅಮಾಸಿ ನೀರು.
ಓದಾಕ ಬರೂದಿಲ್ಲ ಆಕಿಗೆ.
ಆದರ ಯಾರ ಅಂಗಿ ಯಾರ ಮನೀದು ಅನ್ನೂದು
ನಲವತ್ತು ವರ್ಷದಾಗ ಒಮ್ಮೆ ತಪ್ಪಿಲ್ಲ.
ಕಾಲರಿನ ಒಳಗ ಕೇರುಕಾಯಿ ರಸದ ಗುರುತು:
ಗೌಡರಿಗೆ ಮೂರು ಚುಕ್ಕಿ, ಪತ್ತಾರರಿಗೆ ಒಂದು ಗೆರಿ,
ಮಾಸ್ತರಗ ಗುಣಾಕಾರ.
ಈಗ ಅವೇ ಚುಕ್ಕಿ ಬಾಟ್ಲಿ ಕುತ್ತಿಗಿಗೆ.

ಜೋಡಿಗೆ ಒಂದು ಬಿಳೇ ಧೋತರ, ಏಳು ತುಂಡು.
ಒಂದೊಂದು ಅಮಾಸಿಗೆ ಒಂದೊಂದು,
ಅದೇ ಹಳ್ಳ, ಅದೇ ಕಲ್ಲು, ಅಷ್ಟೇ ಸೋಡಾ.
ಮೊದಲನೇದು ಕೆನಿ ಬಣ್ಣ.
ನಾಕನೇದು ತುಕ್ಕು.
ಏಳನೇದಕ್ಕ ಏನನ್ನಲಿ?
ಒಲ್ಯಾಗಿಟ್ಟು ಮರೆತ ಬದನಿಕಾಯಿ.

ಅಧಿಕಾರಿ ಎದುರಿಗೆ ತುಂಬಿ ಸೀಲು ಮಾಡಿದ್ದಲ್ಲ,
ಈ ನೀರು ನಡಿಯೂದಿಲ್ಲ ಅಂದಾರಂತ.
"ಅವರು ಬರೂ ದಿನ ಹಳ್ಳ ತಿಳಿ ಇರತೈತಿ, ನದಾಫಣ್ಣಾ.
ಯಾರು ಹೇಳ್ತಾರೋ ಅದಕ್ಕ."

ಕಾರ್ಖಾನಿ ದೊಡ್ಡದು ಮಾಡಾಕ ಅಹವಾಲು ಸಭೆ ಆತಲ್ಲ,
ಹೋಗಲಿಲ್ಲೇನಬೇ?
"ಹೋಗಿದ್ನೆಪಾ. ಕಲ್ಯಾಣ ಮಂಟಪದ ಬಾಗಲಾಗ
ಹೆಬ್ಬಟ್ಟು ಒತ್ತಿಸ್ಕೊಂಡು ಉಪ್ಪಿಟ್ಟು ಕೊಟ್ರು.
ಒಳಗ ಒಬ್ಬಾತ ಇಂಗ್ಲೀಷಿನ್ಯಾಗ ಗೋಡೆಗೆ ಬೆಳಕು ಬಿಟ್ಟು ತೋರಿಸಿದ.
ಆ ಹೆಬ್ಬಟ್ಟು ಒಪ್ಪಿಗಿ ಅಂತ ಆಮ್ಯಾಲೆ ತಿಳೀತು."

ಮೂರನೇ ಕಲಂ ಖಾಲಿ ಬಿಟ್ಟು ಕಳಿಸಿದ್ರು ಹೊಂಬಳ ವಕೀಲರು:
ಅರ್ಜಿದಾರಳು ಬಾಧಿತಳು ಹೆಂಗ?
ಕೇಳಿ ತುಂಬು, ಅಂದಿದ್ರು.
ಹೊಲ ಐತಿ? ಇಲ್ಲ.
ಬಾಂವಿ? ಇಲ್ಲ.
ಹಳ್ಳದ ದಂಡಿಗೆ ನಿನ್ನ ಹೆಸರಲೇ ಉತಾರ?
ನಕ್ಕಳು.
ಮತ್ತ ಎಲ್ಲಿ ನಿಂತು ಕೇಳ್ತೀಬೇ ನ್ಯಾಯ?

ಸೀರಿ ನೆರಿಗಿ ಮೊಣಕಾಲ ತನಕ ಎತ್ತಿದ್ಲು.
ಅಲ್ಲೊಂದು ಗೆರಿ, ಸ್ಕೇಲು ಇಟ್ಟು ಎಳೆದಾಂಗ.
ಗೆರಿ ಮ್ಯಾಲೆ ಮನಶಾರ ತೊಗಲು.
ಕೆಳಗ ಮೀನಿನ ಪರಿಹಂಗ ಎದ್ದಿತ್ತು.
"ಇಲ್ಲೀತನಾ ನಿಂತು."

ಪೀಠ ಚೆನ್ನೈದಾಗ ಐತಿ, ಇಂಗ್ಲೀಷಾಗಬೇಕು.
ನೀರು ಸತ್ತೈತಿ ಅಂದದ್ದು
ಗುಣಮಟ್ಟ ಕುಸಿದಿದೆ ಅಂತ ಆತು.
ಕಪ್ಪಿ ಕೂಗೂದು ಬಿಟ್ಟಾವು,
ಅದು ಜಲಚರಗಳ ಮೇಲಿನ ಪರಿಣಾಮ.
ಆಕಿ ಒಗದ ಅಂಗಿ ತೊಟ್ಟ ಕೂಸಿಗೆ ಮೈತುಂಬ ಗಂದಿ ಎದ್ದು
ಊರವರು ಅರಿವಿ ಹಾಕೂದು ನಿಲ್ಲಿಸಿದ್ರಲ್ಲ,
ಆ ಇಡೀ ವರ್ಷಕ್ಕ ಎರಡೇ ಶಬ್ದ: ಜೀವನೋಪಾಯ ನಷ್ಟ.

ಕನ್ನಡಕ್ಕ ಹೊಳ್ಳಿಸಿ ಓದಿ ಹೇಳಿದೆ.
ಮಡಚಿದ ಅರಿವಿ ಎಣಿಸಿದಾಂಗ
ಬೆರಳು ಮಡಚಿಕೋತ ಕೇಳಿದ್ಲು.
"ಛಲೋ ಐತಿ.
ಆದರ ಇದು ಯಾರ ಮನೀದು?"

ಅಷ್ಟರಾಗ ಕರೆಂಟು ಹೋತು.
ಅಪ್ಪನ ಮಷೀನಿಗೆ ಹಾಳಿ ಏರಿಸಿ
ಮೂರನೇ ಕಲಂ ಒಂದನ್ನ
ಆಕಿ ಹೇಳಿದಾಂಗ ಹೊಡೆದೆ, ಮೊಣಕಾಲ ಸಹಿತ.
ವಕೀಲರು ಕಾಟು ಹೊಡೀತಾರೇನೋ, ಗೊತ್ತಿಲ್ಲ.
ಸಾಕ್ಷಿ ಅನ್ನೂ ಶಬ್ದ ನಾಕು ಸಲ ಬಂತು,
ನಾಕು ಕಡೆ ಬೇವಿನ ಗಿಡದ ಬೆಳಕು ಬಿತ್ತು.

ಆಕಿ ಬಸ್ಸಿಗೆ ಹೋದ ಮ್ಯಾಲೆ
ಚಾದ ಹುಡುಗ ಮೈಲಾರಿ ಕಪ್ಪು ಒಯ್ಯಾಕ ಬಂದಾವ
ಒಂದು ಚುಕ್ಕಿ ಬಾಟ್ಲಿದು ಮುಚ್ಚಳ ತಿರುವಿ ಬಾಯಿಗೆತ್ತಿದ್ದ.
ಮೊದಲನೇ ಅಮಾಸಿದು. ಆಗ ಇನ್ನೂ ತಿಳಿ ಇತ್ತು.

ಕೈ ಹಿಡಿದೆ.
ಕುಡೀಬ್ಯಾಡೋ,
ಅದು ಸಾಕ್ಷಿ.